ಜೋಡಿಗೂಡಿನ ಟಿಕೆಟ್ಟು

ಚಿಕ್ಕಬಳ್ಳಾಪುರಕ್ಕೆ 2007ರಲ್ಲಿ ಜಿಲ್ಲೆಯ ಪಟ್ಟ ಸಿಕ್ಕಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್ ಬಿಟ್ಟು ದೇವನಹಳ್ಳಿ ಪಕ್ಕಕ್ಕೆ ಬಂದು ಕುಳಿತಿತು. ಅಂದಿನಿಂದ ಜಯನಗರದವರು ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತು ಮನೆದೇವರನ್ನು ನೆನೆಯುವ ಹೊತ್ತಿಗೆ ಚಿಕ್ಕಬಳ್ಳಾಪುರದವರು ಮನೆಯಲ್ಲೇ ಮುದ್ದೆ ಉಂಡು, ಎಲೆಯಡಿಕೆ ಮೆದ್ದು ಹೊರಡುತ್ತಾರೆ. ಹಾಗಾಗಿ ಈ ಸೀಮೆಯಲ್ಲಿ ನಿಲ್ದಾಣ ಮುಟ್ಟುವುದು ಹೇಗೆ ಎಂಬ ಚಿಂತೆ ಇಲ್ಲ. ತಕರಾರೆಲ್ಲ ಯಾವ ವಿಮಾನ ಎಂಬುದರ ಮೇಲೆ.

ಶಿಡ್ಲಘಟ್ಟದ ಬಳಿಯ ಒಬ್ಬ ರೇಷ್ಮೆ ಬೆಳೆಗಾರ ಗೌಡರ ಮನೆಯಲ್ಲಿ ಈ ತಕರಾರು ಒಂದು ಬೆಳೆ ಹುಳು ಗೂಡು ಕಟ್ಟುವವರೆಗೂ ನಡೆಯಿತು. ಸ್ಯಾನ್‌ಫ್ರಾನ್ಸಿಸ್ಕೊ ಕಡೆ ಇರುವ ಮಗ, “ಅಪ್ಪ, ಅಮ್ಮನ ಮಂಡಿಗೆ ಎಕಾನಮಿ ಆಗಲ್ಲ, ಬಿಸಿನೆಸ್ ಕ್ಲಾಸಲ್ಲೇ ಬನ್ನಿ” ಎಂದ. ದರ ಮೂರು ನಾಲ್ಕು ಪಟ್ಟು ಎಂದು ತಿಳಿದಾಗ ಗೌಡರು, “ಆ ದುಡ್ಡಿಗೆ ಒಂದು ಬೋರ್‌ವೆಲ್ ಹಾಕಿಸಬಹುದಲ್ಲೋ” ಎಂದರು. ಸಾವಿರದೈನೂರು ಅಡಿ ಕೊರೆದರೂ ನೀರು ಕಾಣದ ನೆಲವದು. “ಬೋರಲ್ಲಿ ಬರೋದು ಧೂಳು, ವಿಮಾನದಲ್ಲಿ ಊಟನಾದ್ರೂ ಬರತ್ತೆ” ಎಂದು ಮನೆಯಾಕೆ ಒಳಗಿನಿಂದಲೇ ತೀರ್ಪು ಕೊಟ್ಟರು.

ಗೌರಿಬಿದನೂರಿನ ಷಡ್ಡಕರಿಗೆ ಈ ವೈಭೋಗವೇ ಸರಿಬರಲಿಲ್ಲ. “ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದ್ರು. ನಮ್ಮ ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊದಿಂದ ಪರಮಾಣು ವಿಜ್ಞಾನದ ಡಾಕ್ಟರೇಟ್ ತಂದ್ರು. ಯಾವ ಕ್ಲಾಸಲ್ಲಿ ಹೋದ್ರಿ ಅಂತ ಯಾರಾದ್ರೂ ಕೇಳಿದ್ರಾ?” ಎಂದರು. ಅವರ ಮಂಡಿ ಹೇಗಿತ್ತೆಂದೂ ಯಾರೂ ಕೇಳಲಿಲ್ಲ ಎಂಬ ಉತ್ತರ ಒಳಗಿನಿಂದ ಬಂದ ಮೇಲೆ ಅವರು ಪಕ್ಷ ಬದಲಿಸಿ, ಹೋಗುವುದಾದರೆ ನೇರ ವಿಮಾನದಲ್ಲೇ ಹೋಗಿ ಎಂದು ಹಟ ಹಿಡಿದರು. ಅದಕ್ಕೆ ಅವರ ಆಧಾರ 2021ರ ಜನವರಿಯ ಸುದ್ದಿ. ಆಗ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಬರೀ ಹೆಂಗಸರೇ ಕಾಕ್‌ಪಿಟ್ಟಿನಲ್ಲಿ ಕುಳಿತು, ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂದಿಳಿದಿದ್ದರು. ನಕಾಶೆಯಲ್ಲಿ ಅಳೆದರೆ ಸುಮಾರು 14 ಸಾವಿರ ಕಿಲೋಮೀಟರ್.

ಮನೆಯಾಕೆಗೆ ಧ್ರುವದ ಆಸೆ ಇರಲಿಲ್ಲ. ನಡುವೆ ಒಮ್ಮೆ ನೆಲದ ಮೇಲೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆಯಬೇಕು ಎಂದರು. ಹಾಗಾದರೆ ದುಬೈ ಎಂದ ಚಿಕ್ಕಬಳ್ಳಾಪುರದ ಅಳಿಯ. ಎಮಿರೇಟ್ಸ್‌ನವರ ಎರಡಂತಸ್ತಿನ ಎ380 ವಿಮಾನ 2022ರಿಂದ ಬೆಂಗಳೂರಿಗೇ ಬರುತ್ತಿದೆ, ಮೇಲಿನ ಅಂತಸ್ತಿನಲ್ಲಿ ಬಾರ್ ಬೇರೆ ಇದೆ ಎಂದು ಮಾವನ ಮುಖ ನೋಡಿದ. ಲೆಕ್ಕ ಹಾಕಿದರೆ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಮುಂದೆ ಮತ್ತೆ ಹದಿನೈದು ಹದಿನಾರು ಗಂಟೆ. ಮಂಡಿಯ ಪಾಲಿಗೆ ಇದೊಂದು ನಿಲುಗಡೆಯೇ ಅಲ್ಲ. ಲಂಡನ್ನೋ ಫ್ರಾಂಕ್‌ಫರ್ಟೋ ಆದರೆ ದಾರಿ ಹೆಚ್ಚೂಕಡಿಮೆ ಸರಿಪಾಲಾಗುತ್ತದೆ, ಆ ಕಡೆ ಹತ್ತು ಹನ್ನೊಂದು, ಈ ಕಡೆ ಹತ್ತು ಹನ್ನೊಂದು. ಯಾವ ಜಾಹೀರಾತೂ ಹೇಳದ ಈ ಭಾಗಾಕಾರವನ್ನು ಮಾಡಿದವರು ಮನೆಯಾಕೆಯೇ.

ಊಟದ ಖಾತೆ ಚಿಂತಾಮಣಿಯ ಅಕ್ಕನದು. ಆಕಾಶದಲ್ಲಿ ಅಡುಗೆ ಸಪ್ಪೆ ಎಂಬ ದೂರನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾಗಾಗಿ ಪರೀಕ್ಷೆ ಮಾಡಿಯೇ ನೋಡಿತ್ತು. ಒಣಹವೆ ಮತ್ತು ಕಡಿಮೆ ಒತ್ತಡದಲ್ಲಿ ನಾಲಗೆಗೆ ಉಪ್ಪು, ಸಿಹಿ ಮಂಕಾಗುತ್ತವೆ. ಆದರೆ ಟೊಮೆಟೊ ರಸ ಕೆಳಗಿಗಿಂತ ಮೇಲೆಯೇ ರುಚಿ. ಜರ್ಮನಿಯವರು ವಿಮಾನದಲ್ಲಿ ಅದನ್ನು ಬಿಯರಿನಷ್ಟೇ ಕುಡಿಯುತ್ತಾರಂತೆ! ಬೆಲೆ ಬಿದ್ದ ದಿನ ಟೊಮೆಟೊವನ್ನು ರಸ್ತೆಗೆ ಸುರಿದು ಬರುವ ಊರಿನ ಅಕ್ಕ ಇದನ್ನು ಕೇಳಿ ಕ್ಷಣ ಸುಮ್ಮನಾಗಿ, “ಹಂಗಾದ್ರೆ ಸಾರಿನ ಪುಡಿ ಕೈಚೀಲದಲ್ಲೇ ಇಟ್ಕೊ” ಎಂದರು. ದೊಡ್ಡ ಸಾಮಾನಿಗೆ ತೊಂದರೆ ಇಲ್ಲ. ಅಮೆರಿಕದ ದಾರಿಯಲ್ಲಿ ಎಕಾನಮಿಯವರಿಗೆ ಸಾಮಾನ್ಯವಾಗಿ ತಲಾ 23 ಕೆಜಿಯ ಎರಡು ಪೆಟ್ಟಿಗೆ, ಬಿಸಿನೆಸ್ಸಿನವರಿಗೆ 32ರ ಎರಡು. ಆದರೆ ಒಣಕೊಬ್ಬರಿಗೆ ಮಾತ್ರ ಯಾವ ಕ್ಲಾಸಿನಲ್ಲೂ ಮರ್ಯಾದೆ ಇಲ್ಲ. ಎಣ್ಣೆಯಂಶದಿಂದ ತಾನಾಗಿ ಹೊತ್ತಿಕೊಳ್ಳಬಹುದಾದ ಸರಕುಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಇಷ್ಟಾಗಿ ಉಳಿದದ್ದು ಸೀಟು. ಅಸಲಿ ಜಗಳ ಇಲ್ಲೇ. ಮಗ ಸೀಟ್ ಮ್ಯಾಪುಗಳನ್ನು ಕಳಿಸಿದ. ಹೊಸ ಬಿಸಿನೆಸ್ ಕ್ಲಾಸೆಂದರೆ ಅಡ್ಡಸಾಲಿಗೆ 1-2-1, ಕಾಲು ನೀಡಿ ಮಲಗುವ ಹಾಸಿಗೆ, ಸುತ್ತ ಗೋಡೆ. ಬ್ರಿಟಿಷ್ ಏರ್‌ವೇಸ್ 2000ದಲ್ಲೇ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತ್ತು. ಆದರೆ ಆ ಹಳೆಯ ಏರ್ಪಾಟಿನಲ್ಲಿ ಅರ್ಧ ಜನ ವಿಮಾನದ ಬಾಲದ ಕಡೆ ಮುಖ ಮಾಡಿ ಕೂರಬೇಕು. ಕಿಟಕಿಯವರು ಪಕ್ಕದವರ ಚಾಚಿದ ಕಾಲು ದಾಟಿ ಶೌಚಕ್ಕೆ ಹೋಗಬೇಕು. ಮಂಡಿನೋವಿನವರು ದಾಟುವುದುಂಟೇ? ಅದೇ ಕಂಪನಿ 2019ರಲ್ಲಿ ಪ್ರತಿ ಸೀಟಿಗೂ ಬಾಗಿಲು ಇಟ್ಟಿತು. ಅದಕ್ಕೂ ಮೊದಲು, 2017ರಲ್ಲಿ, ಕತಾರ್ ಏರ್‌ವೇಸ್‌ನ ಕ್ಯೂಸೂಟಿಗೆ ಬಾಗಿಲು ಬಂದಿತ್ತು.

ಗೌಡರು ಕನ್ನಡಕ ಏರಿಸಿ ನೋಡಿದವರೇ, “ಇದು ನಮ್ಮ ಚಂದ್ರಿಕೆ ಕಣೋ” ಎಂದರು. ರೇಷ್ಮೆಹುಳು ಗೂಡು ಕಟ್ಟುವ ತಟ್ಟೆ ಅದು. ಹುಳುವಿಗೊಂದು ಸಂದು, ಸುತ್ತ ಗೂಡು, ಒಳಗೆ ಒಬ್ಬಂಟಿ ನಿದ್ದೆ. ಚಂದ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಎಳೆ ಸಿಕ್ಕಾಗಿ ಸರಿಯಾಗಿ ಬಿಚ್ಚಲು ಬಾರದ ಆ ಜೋಡಿಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಕ್ಯೂಸೂಟಿನ ನಡುಸಾಲಿನಲ್ಲಿ ಮಧ್ಯದ ತಡಿಕೆ ಇಳಿಸಿದರೆ ಆಗುವುದು ಅದೇ ಜೋಡಿಗೂಡು, ಎರಡು ಹಾಸಿಗೆ ಕೂಡಿ ಒಂದು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ್ದಕ್ಕೆ ಆಕಾಶದಲ್ಲಿ ಲಕ್ಷಗಟ್ಟಲೆ! ಅದೂ ಆ ಕಂಪನಿಯ ಎಲ್ಲ ವಿಮಾನಗಳಲ್ಲಿ ಇಲ್ಲ. ಕಂಪನಿಯ ಹೆಸರು ನೋಡಿ ಟಿಕೆಟ್ ಕೊಳ್ಳುವವರು ಎಡವುವುದು ಇಲ್ಲಿಯೇ. ಎ380ರಲ್ಲಿ 1-2-1 ಕೊಡುವ ಎಮಿರೇಟ್ಸ್, ತನ್ನ ಹಳೆಯ 777ಗಳಲ್ಲಿ 2-3-2 ಕೂರಿಸುತ್ತದೆ. ಅಷ್ಟು ದುಡ್ಡು ಕೊಟ್ಟು ನಡುವಿನ ಸೀಟು!

ಮನೆಯಾಕೆಯ ಬೆರಳು ಕೊನೆಗೆ ನಿಂತದ್ದು 2-2-2 ಇರುವ ಒಂದು ಹಳೆಯ ನಕ್ಷೆಯ ಮೇಲೆ. ಗೋಡೆಯಿಲ್ಲ, ಬಾಗಿಲಿಲ್ಲ, ಪಕ್ಕಪಕ್ಕ ಎರಡು ಸೀಟು. ಏರ್ ಇಂಡಿಯಾದ ಹಳೆಯ 787ಗಳಲ್ಲಿ ಇರುವುದೂ ಇದೇ ಜೋಡಣೆ. ಬಲ್ಲವರು ಮೂಗು ಮುರಿಯುವುದೂ ಇದಕ್ಕೇ. “ಅಮ್ಮ, ಅದರಲ್ಲಿ ಪ್ರೈವೆಸಿ ಇರಲ್ಲ” ಎಂದ ಮಗ. “ನಿಮ್ಮಪ್ಪನಿಗೆ ರಾತ್ರಿ ಮಾತ್ರೆ ಯಾರು ಕೊಡ್ತಾರೆ, ಬಾಗಿಲು ತಟ್ಟಿಕೊಂಡು ಹೋಗಿ ನಾನು ಕೊಡ್ಲಾ?” ಎಂಬಲ್ಲಿಗೆ ಇಪ್ಪತ್ತು ವರ್ಷಗಳ ವಿಮಾನ ವಿನ್ಯಾಸ ಮುಗಿಯಿತು.

ಟಿಕೆಟ್ ಆದ ಮೇಲೆ ಅಳಿಯನ ಬಾಯಲ್ಲಿ ಒಂದು ಕೊರಗು ಬಂತು: ಕೆಲವು ಕಂಪನಿಗಳು ಬಿಸಿನೆಸ್ ಕ್ಲಾಸಿನವರನ್ನು ಮನೆಯಿಂದಲೇ ಪುಕ್ಕಟೆ ಕಾರಿನಲ್ಲಿ ಕರೆದೊಯ್ಯುತ್ತವೆ, ಅದು ಕೈತಪ್ಪಿತು. ಯಾರೂ ಮರುಗಲಿಲ್ಲ. ಬೀಳ್ಕೊಡಲು ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಯವರೆಲ್ಲ ಸೇರಿ ಆಗಲೇ ಒಂದು ಟೆಂಪೊ ಟ್ರಾವೆಲರ್ ಗೊತ್ತುಮಾಡಿದ್ದರು. ಅದರಲ್ಲಿ ಗೌಡರಿಗೆ ಡ್ರೈವರ್ ಪಕ್ಕದ ಸೀಟು, ಮನೆಯಾಕೆಗೆ ಹಿಂದೆ ಅಕ್ಕನ ಪಕ್ಕ. ಎರಡನೆಯ ಟರ್ಮಿನಲ್‌ವರೆಗೂ ಅವರಿಬ್ಬರಿಗೆ ಪರಸ್ಪರ ಒಂದು ಮಾತಾಡಲೂ ಆಗಲಿಲ್ಲ.