ಕಾಮಗಾರಿ ಪ್ರಗತಿಯಲ್ಲಿದೆ

ನಿಮ್ಮ ಬಡಾವಣೆಯಲ್ಲೂ ಒಬ್ಬ ರೈಲು ರಾಯರು ಇದ್ದೇ ಇರುತ್ತಾರೆ. ರಾಯರೇ ಆಗಬೇಕೆಂದಿಲ್ಲ, ಗೌಡರಿರಬಹುದು, ಶೆಟ್ಟರಿರಬಹುದು, ಲಕ್ಷಣ ಒಂದೇ. ಬ್ಯಾಂಕಿನಿಂದಲೋ ಕಾಲೇಜಿನಿಂದಲೋ ನಿವೃತ್ತರಾದವರು. ರೈಲ್ವೆಯಲ್ಲಿ ಒಂದು ದಿನವೂ ದುಡಿದವರಲ್ಲ. ಅಲ್ಲಿ ದುಡಿದು ನಿವೃತ್ತರಾದವರು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸಂಜೆ ದೇವಸ್ಥಾನಕ್ಕೆ ಹೋಗುತ್ತಾರೆ, ರೈಲಿನ ಸುದ್ದಿ ಎತ್ತಿದರೆ ಪಿಂಚಣಿಯ ಕಡೆಗೆ ಮಾತು ತಿರುಗಿಸುತ್ತಾರೆ. ನಮ್ಮ ರಾಯರ ಮುಂದೆ ನೀವು "ಮೊನ್ನೆ ಮೈಸೂರಿಗೆ ಹೋಗಿದ್ದೆ" ಎಂದು ನೋಡಿ. ಯಾರ ಮನೆಗೆ, ಮದುವೆಯೋ ಮುಂಜಿಯೋ, ಒಂದೂ ಕೇಳುವುದಿಲ್ಲ. "ಯಾವ ಇಂಜಿನ್ ಹಾಕಿದ್ರು?" ಎನ್ನುತ್ತಾರೆ. ಗೊತ್ತಿಲ್ಲ ಎಂದರೆ ನಿಮ್ಮ ವಿದ್ಯಾಭ್ಯಾಸದ ಬಗ್ಗೆ ಅನುಮಾನ ಪಡುತ್ತಾರೆ. ಕಾರಿನಲ್ಲಿ ಹೋಗಿದ್ದೆ ಎಂದಿರೋ, ಆ ದಿನ ನಿಮಗೆ ಕಾಫಿ ಇಲ್ಲ.

ಇಂಥವರ ಮನೆಯಲ್ಲಿ ಒಂದು ರೈಲ್ವೆ ಇರುತ್ತದೆ. ರಾಯರದು ಹುಟ್ಟಿದ್ದು ನವರಾತ್ರಿಯಲ್ಲಿ. ಹೆಂಡತಿ ಹಾಲಿನ ಮೂಲೆಯಲ್ಲಿ ಮೆಟ್ಟಿಲು ಕಟ್ಟಿ, ಮೇಲೆ ಪಟ್ಟದ ಗೊಂಬೆಗಳನ್ನಿಟ್ಟು, ಕೆಳಗೆ ಎಲ್ಲರ ಮನೆಯಂತೆ ಪಾರ್ಕು ಮಾಡಿದ್ದರು: ತಟ್ಟೆಯಲ್ಲಿ ಮೊಳೆತ ರಾಗಿ ಪೈರು, ಕನ್ನಡಿಯ ಕೊಳ, ಪ್ಲಾಸ್ಟಿಕ್ ಹುಲಿ, ಜಿಂಕೆ. ಹುಲಿ, ಜಿಂಕೆಗಳ ಸುತ್ತ ಮೊಮ್ಮಗನ ಆಟದ ರೈಲನ್ನು ಬಿಟ್ಟರೆ ಹೇಗೆ ಎಂದು ರಾಯರಿಗೆ ಹೊಳೆಯಿತು. ಬಿಟ್ಟರು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಗೊಂಬೆಗೆ ಬೆನ್ನು ಹಾಕಿ ರೈಲು ನೋಡಿದರು. ವಿಜಯದಶಮಿ ಕಳೆದು ಗೊಂಬೆಗಳೆಲ್ಲ ಹಳೇ ಸೀರೆ ಸುತ್ತಿಕೊಂಡು ಟ್ರಂಕು ಸೇರಿದವು. ರೈಲು ಮಾತ್ರ ಸೇರಲಿಲ್ಲ. "ಇದೊಂದು ಇರಲಿ, ಸ್ವಲ್ಪ ಇಂಪ್ರೂವ್ ಮಾಡ್ಬೇಕು" ಎಂದರು ರಾಯರು. ಈ ಜಾತಿಯವರ ಬಾಯಲ್ಲಿ ಇಂಪ್ರೂವ್ ಎಂಬ ಮಾತು ಬಂತೆಂದರೆ ಮನೆಯವರು ಊಟದ ಮೇಜಿನ ಆಸೆ ಬಿಡುವುದು ಒಳ್ಳೆಯದು.

ಮೇಜು ಹೋಯಿತು. ಅದರ ಮೇಲೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಹಲಗೆ ಕೂತಿತು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತರು. ಭೂಸ್ವಾಧೀನಕ್ಕೆ ಪರಿಹಾರವಾಗಿ ಹೆಂಡತಿಗೆ ಹೊಸ ವೆಟ್ ಗ್ರೈಂಡರ್ ಎಂದು ಒಪ್ಪಂದವಾಗಿತ್ತು. ಪರಿಹಾರ ಮಂಜೂರಾಗಿದೆ, ವಿತರಣೆಯಾಗಿಲ್ಲ.

ಆಮೇಲೆ ರಾಯರ ತಲೆಗೆ ಅನುಪಾತದ ಹುಳ ಹೊಕ್ಕಿತು. ಈ ಹವ್ಯಾಸದಲ್ಲಿ ಎಚ್‌ಓ ಎಂಬ ಅಳತೆಯಿದೆ. ನಿಜದ ವಸ್ತುವನ್ನು 87 ಪಾಲು ಚಿಕ್ಕದು ಮಾಡುವುದು. ರಾಯರು ಮಾದರಿಗೆ ಆರಿಸಿಕೊಂಡದ್ದು ಬೆಂಗಳೂರು–ಮೈಸೂರು ಮಾರ್ಗ. ಚನ್ನಪಟ್ಟಣ ಸ್ಟೇಷನ್ನಿಗೆ ಚನ್ನಪಟ್ಟಣದ್ದೇ ಗೊಂಬೆಯಿರಲಿ ಎಂದು ಹೆಂಡತಿ ಪ್ರೀತಿಯಿಂದ ಅರಗಿನ ಬಣ್ಣದ ಪೇಟದ ಗೊಂಬೆಯೊಂದನ್ನು ತಂದು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದ್ದರು. ಗೊಂಬೆ ಇಪ್ಪತ್ತು ಸೆಂಟಿಮೀಟರ್ ಎತ್ತರ. ರಾಯರು ಕ್ಯಾಲ್ಕುಲೇಟರ್ ತಂದರು. "ಹದಿನೇಳೂವರೆ ಮೀಟರ್ ಸ್ಟೇಷನ್ ಮಾಸ್ಟರು ಕಣೇ ಇವನು! ಐದು ಅಂತಸ್ತು! ಹಸಿರು ಬಾವುಟ ತೋರಿಸೋಕೆ ಬಗ್ಗಿದ್ರೆ ಸಿಗ್ನಲ್ ಕಂಬ ಮುರಿಯುತ್ತೆ." "ಲಕ್ಷಣವಾಗಿದಾನಲ್ಲ" ಎಂದರು ಅವರು. ಆತನಿಗೆ ಅಂದೇ ವರ್ಗವಾಯಿತು. ಈಗಿರುವವನು ಎರಡು ಸೆಂಟಿಮೀಟರಿನವನು. ಅವನಿಗೆ ಮೀಸೆಯಿದೆ, ಆದರೆ ಅದನ್ನು ನೋಡಲು ರಾಯರು ಭೂತಗನ್ನಡಿ ಕೊಡಬೇಕು. ಕೊಡುತ್ತಾರೆ.

ಮದ್ದೂರಿನಲ್ಲಿ ವಡೆ ಮಾರುವವನಿಲ್ಲದೆ ಸ್ಟೇಷನ್ ಇರುವುದುಂಟೇ? ಬುಟ್ಟಿಯನ್ನು ಕಡಲೆಕಾಯಿ ಸಿಪ್ಪೆಯ ಚೂರಿನಿಂದ ಮಾಡಿದರು. ವಡೆಗೆ ಮೊದಲು ಸಾಸಿವೆ ಕಾಳು ಇಟ್ಟು ನೋಡಿದರು. ಸಾಸಿವೆಯನ್ನು 87ರಿಂದ ಗುಣಿಸಿದರೆ ಹದಿನೇಳು ಸೆಂಟಿಮೀಟರ್ ವಡೆಯಾಯಿತು. "ಈ ಕಾಲದಲ್ಲಿ ಅಷ್ಟಗಲ ಯಾರು ಕೊಡ್ತಾರೆ?" ಎಂದು ಅದನ್ನು ತಿರಸ್ಕರಿಸಿದರು. ರಾಗಿ ಸರಿಹೋಯಿತು, ಗಾತ್ರ ಸರಿ, ಬಣ್ಣವೂ ಹದವಾಗಿ ಕರಿದ ವಡೆಯದೇ. ಒಂದೊಂದು ಕಾಳನ್ನೂ ಉಸಿರು ಬಿಗಿಹಿಡಿದು, ಟ್ವೀಜರಿನಲ್ಲಿ ಎತ್ತಿ, ಗೋಂದಿನ ಸೂಜಿಮೊನೆಗೆ ತಾಗಿಸಿ, ಬುಟ್ಟಿಗೆ ಇಳಿಸಿದರು. ಅಷ್ಟರಲ್ಲಿ ಹೆಂಡತಿ ಫ್ಯಾನ್ ಹಾಕಿದರು. ವಡೆಯೆಲ್ಲ ಶ್ರೀರಂಗಪಟ್ಟಣದ ಕಡೆಗೆ ಹಾರಿಹೋದವು. ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡಲಿಲ್ಲ.

ಅನುಪಾತ ನಿಷ್ಠುರವಾದದ್ದು. ಬೆಂಗಳೂರು–ಮೈಸೂರು ಸುಮಾರು 138 ಕಿಲೋಮೀಟರ್. 87ರಿಂದ ಭಾಗಿಸಿದರೂ ಒಂದೂವರೆ ಕಿಲೋಮೀಟರ್ ದಾಟುತ್ತದೆ. ಹಾಲಿನಲ್ಲಿ ಹೊರಟ ರೈಲು ಮೂರು ಅಡ್ಡರಸ್ತೆ ದಾಟಿ ತರಕಾರಿ ಅಂಗಡಿಯಲ್ಲಿ ಮೈಸೂರು ತಲುಪಬೇಕು. ಹಾಗಾಗಿ ಬಿಡದಿ, ಮಂಡ್ಯ, ಪಾಂಡವಪುರಗಳನ್ನು ರಾಯರು ರದ್ದು ಮಾಡಿದರು. ಮಂಡ್ಯದ ಬೀಗರು ಒಮ್ಮೆ ಬಂದು ಕನ್ನಡಕ ಹಾಕಿಕೊಂಡು ಹಲಗೆಯನ್ನೆಲ್ಲ ಹುಡುಕಿ, "ನಮ್ಮೂರು ಎಲ್ಲಿ?" ಎಂದು ಕೇಳಿದರು. ಆಮೇಲೆ ಸಂಬಂಧ ಮೊದಲಿನ ಹಾಗಿಲ್ಲ. ಬೋಗಿಗಳದ್ದೂ ಅದೇ ಪಾಡು. ಈಗಿನ ಎಲ್‌ಎಚ್‌ಬಿ ಬೋಗಿ ಹೆಚ್ಚುಕಮ್ಮಿ 24 ಮೀಟರ್ ಉದ್ದ; ಮಾದರಿಯಲ್ಲಿ ಇಪ್ಪತ್ತೇಳೂವರೆ ಸೆಂಟಿಮೀಟರ್. ಅಂಥ 22 ಬೋಗಿ ಜೋಡಿಸಿದರೆ ಆರು ಮೀಟರ್, ಈ ಹಲಗೆಯ ಮೇಲೆ ಇಂಜಿನ್ನು ತನ್ನದೇ ಗಾರ್ಡಿಗೆ ಹಿಂದಿನಿಂದ ಡಿಕ್ಕಿ ಹೊಡೆಯುತ್ತದೆ. ಐದು ಬೋಗಿಗೆ ರಾಜಿಯಾದರು.

ರಾಮನಗರದ ಬೆಟ್ಟವನ್ನು ಥರ್ಮೋಕೋಲಿನಲ್ಲಿ ಕೊರೆದರು. ಬಂಡೆಗಳ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕೆಳಗೆ ಮಣ್ಣಿಗೆ ಬಸಿದ ಚಹಾಪುಡಿ. ಚಹಾಪುಡಿ ಸರಿಯಾಗಿ ಒಣಗಿರಲಿಲ್ಲ, ವಾರದಲ್ಲಿ ಬೂಷ್ಟು ಹಿಡಿಯಿತು. "ಮಳೆಗಾಲದ ಎಫೆಕ್ಟು" ಎಂದರು. ಬೆಟ್ಟ ಅಂಟಿಸಲು ಚಪ್ಪಲಿ ಅಂಟಿಸುವ ಅಂಟು ಬಳಸಿದರು. ಅದರಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಬೆಟ್ಟದ ಹೊಟ್ಟೆಯೇ ಬಿದ್ದು ಹೋಯಿತು. ರಾಯರು ಧೃತಿಗೆಡಲಿಲ್ಲ, ಪಕ್ಕದಲ್ಲೊಂದು ಪುಟ್ಟ ಲಾರಿ ನಿಲ್ಲಿಸಿ, ಕಲ್ಲುಪುಡಿ ಚೆಲ್ಲಿ, "ಕ್ವಾರಿ" ಎಂದು ಬೋರ್ಡು ಹಾಕಿದರು. ಇಡೀ ರೈಲ್ವೆಯಲ್ಲಿ ವಾಸ್ತವಕ್ಕೆ ಅತಿ ಹತ್ತಿರವಾದ ಭಾಗ ಅದೇ ಎಂದು ನನ್ನ ಅಭಿಪ್ರಾಯ. ಬೆಟ್ಟ ನೋಡಿದ ಮಕ್ಕಳು ಗಬ್ಬರ್ ಸಿಂಗ್ ಎಲ್ಲಿ, ಅವನು ರೈಲು ದರೋಡೆ ಮಾಡಲಿ ಎಂದು ಪೀಡಿಸುತ್ತವೆ. ರಾಯರು ಕುಳ್ಳಿರಿಸಿ ತಿಳಿಹೇಳುತ್ತಾರೆ: 'ಶೋಲೆ'ಯ ಬೆಟ್ಟ ಇದೇ ಹೌದು, ಆದರೆ ರೈಲಿನ ದೃಶ್ಯ ತೆಗೆದದ್ದು ಅತ್ತ ಪನ್ವೇಲ್ ಕಡೆ, ಮೇಲಾಗಿ ಆ ರೈಲಿಗೆ ನುಗ್ಗಿದವನು ಗಬ್ಬರ್ ಅಲ್ಲವೇ ಅಲ್ಲ. ಮಕ್ಕಳು ಎದ್ದು ಕ್ರಿಕೆಟ್ ಆಡಲು ಹೋಗುತ್ತವೆ.

ಜರ್ಮನಿಯಲ್ಲಿರುವ ಅಳಿಯ ರಜೆಗೆ ಬರುವಾಗ ಮಾವನಿಗೆಂದು ಮೇರ್ಕ್ಲಿನ್ ಇಂಜಿನ್ ತಂದ. 1859ರಲ್ಲಿ ಶುರುವಾದ ಕಂಪನಿ, ಲೋಕಪ್ರಸಿದ್ಧ, ಬೆಲೆಯೂ ಹಾಗೇ. ಅಳಿಯ ಅಂಗಡಿಯಲ್ಲಿ "ಎಚ್‌ಓ ತಾನೆ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೇ ತಂದಿದ್ದ. ರಾಯರು ತೆಂಗಿನಕಾಯಿ ಒಡೆದು ಹಳಿಯ ಮೇಲಿಟ್ಟರು. ಟಕ್ ಎಂದು ಕರೆಂಟು ಹೋಯಿತು. ವಿಷಯವೇನೆಂದರೆ ರಾಯರದು ಎರಡು ಹಳಿಯ ಪದ್ಧತಿ. ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್, ನಡುವೆ ಹನ್ನೆರಡು ವೋಲ್ಟ್. ಮೇರ್ಕ್ಲಿನ್‌ನವರ ಎಚ್‌ಓ ಇಂಜಿನ್ ಹಳಿಗಳ ಮಧ್ಯದ ಮೊಳೆಸಾಲಿನಿಂದ ಕರೆಂಟು ಹೀರುತ್ತದೆ, ಎರಡು ಬದಿಯ ಚಕ್ರಗಳ ನಡುವೆ ತಡೆಯೇ ಇರುವುದಿಲ್ಲ. ರಾಯರ ಹಳಿಯ ಮೇಲೆ ಅದು ಇಂಜಿನ್ನಲ್ಲ, ಶಾರ್ಟ್ ಸರ್ಕ್ಯೂಟು. ಈಗ ಅದು ಶೋಕೇಸಿನಲ್ಲಿ ಬೆಳ್ಳಿ ಗಣಪತಿಯ ಪಕ್ಕ ಕೂತಿದೆ. ಶುಕ್ರವಾರ ಅದಕ್ಕೂ ಒಂದು ಹೂವು ಬೀಳುತ್ತದೆ.

ಇನ್ನು ರೈಲು ನಿಲ್ಲಲು ಇರುವ ಕಾರಣಗಳನ್ನು ಕೇಳಿ. ದೂಳು. ಪೂಜೆಯ ಧೂಪ. ಇದೆಲ್ಲಕ್ಕಿಂತ ದೊಡ್ಡ ಶತ್ರು ಒಗ್ಗರಣೆ. ಕಾದ ಎಣ್ಣೆಯ ಹಬೆ ಅಡಿಗೆಮನೆಯಿಂದ ತೇಲಿ ಬಂದು ಹಳಿಯ ಮೇಲೆ ಕಾಣದ ಪದರವಾಗಿ ಕೂರುತ್ತದೆ, ಚಕ್ರಕ್ಕೆ ಕರೆಂಟು ಹತ್ತುವುದಿಲ್ಲ. ಹೀಗಾಗಿ ರಾಯರ ರೈಲ್ವೆಯಲ್ಲಿ ಹುಳಿ ಮಾಡಿದ ದಿನ ಸಂಚಾರ ವ್ಯತ್ಯಯ. ಬೆಳಿಗ್ಗೆಯಿಡೀ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳಿ ಒರೆಸುತ್ತಾರೆ. ಮನೆಯ ನೆಲವನ್ನು ಒಮ್ಮೆಯೂ ಒರೆಸಿದ್ದಿಲ್ಲ ಎನ್ನುವುದು ಹೆಂಡತಿಯ ಟಿಪ್ಪಣಿ.

ಇಷ್ಟೆಲ್ಲ ಆಗಿ, ಒಂದು ಭಾನುವಾರ ರೈಲು ಓಡಿತು. ಎಲ್ಲೂ ನಿಲ್ಲಲಿಲ್ಲ, ಹಳಿ ತಪ್ಪಲಿಲ್ಲ. ಬೆಂಗಳೂರು, ರಾಮನಗರ, ಚನ್ನಪಟ್ಟಣ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರು, ಮತ್ತೆ ಬೆಂಗಳೂರು. ನಾನು ಅಲ್ಲೇ ಇದ್ದೆ. ಮೊದಲ ಅರ್ಧ ಗಂಟೆ ರಾಯರು ಕೈಕಟ್ಟಿ ನಿಂತು ನೋಡಿದರು. ಆಮೇಲೆ ಕೂತರು. ಆಮೇಲೆ ಪೇಪರ್ ತೆಗೆದರು. ಹನ್ನೊಂದರ ಹೊತ್ತಿಗೆ ಅವರ ಮುಖದಲ್ಲಿ ಎಂಥ ಬೇಸರವೆಂದರೆ, ನಿವೃತ್ತಿಯ ಮರುದಿನವೂ ಅಷ್ಟಿದ್ದಿರಲಾರದು. ಮಧ್ಯಾಹ್ನ ಊಟವಾದದ್ದೇ ಸ್ಕ್ರೂಡ್ರೈವರ್ ಹಿಡಿದು ಬಂದು, "ಮೈಸೂರಿನಲ್ಲಿ ಒಂದು ಬಲೂನ್ ಲೂಪ್ ಹಾಕೋಣ, ಗಾಡಿ ಅಲ್ಲೇ ತಿರುಗಿ ಬರಲಿ" ಎಂದರು. ಹಳಿ ಬಳಸಿಕೊಂಡು ಬಂದು ತನ್ನನ್ನೇ ಸೇರಿದರೆ ಎಡಹಳಿ ಬಲಹಳಿಗೆ ಕೂಡುತ್ತದೆ, ಪ್ಲಸ್ಸು ಮೈನಸ್ಸಿಗೆ ಮುಟ್ಟುತ್ತದೆ, ಇದು ಹೈಸ್ಕೂಲಿನ ಪಾಠ. ರಾಯರಿಗೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದರು. ಸಂಜೆಗೆ ರೈಲ್ವೆ ಪೂರ್ತಿ ಸ್ತಬ್ಧ. ರಾಯರು ಸೋಲ್ಡರಿಂಗ್ ಹೊಗೆಯ ನಡುವೆ ಶಿಳ್ಳೆ ಹಾಕುತ್ತಿದ್ದರು. ಅಂದಿನಿಂದ ನನಗೆ ಖಚಿತವಾಗಿದೆ: ಓಡುವ ರೈಲನ್ನು ಈ ಜನ ಯಾರೂ ಸಹಿಸುವುದಿಲ್ಲ. ಓಡುವುದು ಮಕ್ಕಳಿಗೆ, ರಿಪೇರಿ ಅವರಿಗೆ.

"ಇದೆಲ್ಲ ಯಾವಾಗ ಮುಗಿಯುತ್ತೆ?" ಎಂದು ಕೇಳುವವರಿಗೆ ರಾಯರ ಬಳಿ ಸಿದ್ಧ ಉತ್ತರವಿದೆ. ಹ್ಯಾಂಬರ್ಗಿನಲ್ಲಿ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಜಗತ್ತಿನ ದೊಡ್ಡ ಮಾದರಿ ರೈಲ್ವೆಯಿದೆ. 2001ರಲ್ಲಿ ಬಾಗಿಲು ತೆರೆದದ್ದು ಇನ್ನೂ ಬೆಳೆಯುತ್ತಲೇ ಇದೆ. "ಅಷ್ಟು ಜನ ಸಂಬಳ ತಗೊಂಡು ಮಾಡ್ತಿರೋದೇ ಮುಗಿದಿಲ್ಲ!" ಪುಣೆಯ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ಮಿಗೂ ಹೋಗಿ ಬಂದಿದ್ದಾರೆ. ಅಲ್ಲಿ ಎಲ್ಲ ಅಚ್ಚುಕಟ್ಟಾಗಿ ಓಡುವುದನ್ನು ನೋಡಿ ಮೆಚ್ಚಿದರಾದರೂ, ಏನೋ ಕೊರತೆ ಎನ್ನುವಂತೆ ತಲೆ ಕೆರೆದುಕೊಂಡು ಬಂದರಂತೆ.

ಕೊನೆಯ ಹೊಡೆತ ಕೊಟ್ಟವನು ಮೊಮ್ಮಗ. ಏಳನೇ ಕ್ಲಾಸಿನಲ್ಲಿ ಅನುಪಾತದ ಪಾಠ ಆಗಿತ್ತು. "ತಾತಾ, ಹಳಿಗಳ ಮಧ್ಯೆ 16.5 ಮಿಲಿಮೀಟರ್ ಇದೆ. ಇಂಟು 87 ಅಂದ್ರೆ 1435. ನಮ್ಮ ಬ್ರಾಡ್‌ಗೇಜು 1676 ಅಲ್ವಾ? 1435 ನಮ್ಮ ಮೆಟ್ರೋದು!" ಲೆಕ್ಕ ಸರಿಯಿತ್ತು. ಯುರೋಪಿನ ಗೇಜಿಗೆ ಹೊಂದಿಸಿ ಮಾಡಿದ ಹಳಿ. ನಮ್ಮ ಬ್ರಾಡ್‌ಗೇಜಿಗೆ ಎರಡೂಮುಕ್ಕಾಲು ಮಿಲಿಮೀಟರ್ ಕಡಿಮೆ. ಇಷ್ಟು ವರ್ಷ ಮೈಸೂರಿನ ಗಾಡಿ ಮೆಟ್ರೋ ಹಳಿಯ ಮೇಲೆ ಓಡುತ್ತಿತ್ತು. ರಾಯರು ಅಂದು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು.

ಬೆಳಗಾಗುವಷ್ಟರಲ್ಲಿ ಕಳೆ ಮರಳಿತ್ತು. ಮೈಸೂರಿನ ಮಾರ್ಗ ಒಂದು ಕಾಲಕ್ಕೆ ಮೀಟರ್‌ಗೇಜ್ ತಾನೆ? 1880ರ ದಶಕದಲ್ಲಿ ಹಾಕಿದ್ದು, 1990ರ ದಶಕದವರೆಗೂ ಇತ್ತು. ಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಪೇಟೆಯಲ್ಲಿ ಹನ್ನೆರಡರ ಹಳಿ ಸಿಗುತ್ತದೆ. ಅರ್ಧ ಮಿಲಿಮೀಟರಿನ ಸುಳ್ಳಿಗೆ ಆತ್ಮಸಾಕ್ಷಿ ಒಪ್ಪುತ್ತದೆ. ದೇಶವೆಲ್ಲ 1992ರಿಂದ ಯೂನಿಗೇಜ್ ಯೋಜನೆಯೆಂದು ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿತು; ರಾಯರ ಮನೆಯಲ್ಲಿ ಅದರ ವಿರುದ್ಧ ದಿಕ್ಕಿನಲ್ಲಿ ಗೇಜ್ ಪರಿವರ್ತನೆ ಆರಂಭವಾಯಿತು. ಇದ್ದ ಹಳಿಯೆಲ್ಲ ಕಿತ್ತು ಹಾಲಿನ ಮೂಲೆಯಲ್ಲಿ ರಾಶಿ ಬಿತ್ತು.

"ಹಳಿ ಚಿಕ್ಕದಾದ್ರೆ ಜಾಗವೂ ಉಳಿಯುತ್ತಲ್ಲ, ನನ್ನ ಮೇಜು ವಾಪಸ್ ಕೊಡಿ" ಎಂದು ಹೆಂಡತಿ ಕೇಳಿದರಂತೆ. ನ್ಯಾಯವಾದ ಪ್ರಶ್ನೆ. ಆದರೆ ರಾಯರ ಯೋಚನೆ ಅಷ್ಟರಲ್ಲಿ ಘಟ್ಟ ಹತ್ತಿತ್ತು. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗವೂ ಮೊದಲು ಮೀಟರ್‌ಗೇಜೇ. 57 ಸುರಂಗ, ನೂರಕ್ಕೂ ಮಿಕ್ಕಿದ ಸೇತುವೆ, ಐವತ್ತಕ್ಕೆ ಒಂದರ ಏರು. ಐವತ್ತಕ್ಕೆ ಒಂದರಂತೆ ಗೇಣುದ್ದ ಹತ್ತಬೇಕಾದರೂ ಹತ್ತು ಮೀಟರ್ ಹಳಿ ಬೇಕು. ಹಾಲಿನ ಗೋಡೆಗುಂಟ ಹೊರಟು, ಅಡಿಗೆಮನೆ ಬಾಗಿಲಿನ ಮೇಲೆ ಹಾದು, ಮಿಕ್ಸಿಯ ಹಿಂದಿನಿಂದ ಬಳಸಿ, ವಾಷಿಂಗ್ ಮಷೀನಿನ ನೆತ್ತಿಯಲ್ಲಿ ಸುಬ್ರಹ್ಮಣ್ಯ.

ನಾನು ಹೋದಾಗ ರಾಯರು ಸ್ಟೂಲಿನ ಮೇಲೆ ನಿಂತು ಬಾಗಿಲಿನ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಟೇಪಿನ ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿತ್ತು. ಹಿಡಿದುಕೊಳ್ಳಲು ಕೊಟ್ಟದ್ದು, ಅವರು ಅದನ್ನು ಫ್ರಿಜ್ಜಿನ ಹಿಡಿಗೆ ಗಂಟು ಹಾಕಿಬಿಟ್ಟರು.

"ಹಳೇ ಸ್ವಾಧೀನದ ಗ್ರೈಂಡರು ಇನ್ನೂ ಬಂದಿಲ್ಲ. ಮೊದಲು ಪರಿಹಾರ, ಆಮೇಲೆ ಸರ್ವೆ."