ಕಲ್ಲಿನ ಉದ್ಧಾರ

ಬಂಟ್ವಾಳ ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ನೆರೆಯೆಂಬುದು ಆಟಿ ತಿಂಗಳಿನಲ್ಲಿ ಹೇಳದೆ ಕೇಳದೆ ಬರುವ ನಂಟನಂತೆ. ಅಂಗಳದವರೆಗೆ ಬಂದು ಮರಳಿದರೆ ಸಂತೋಷ, ಒಳಗೆ ಬಂದು ಕುಳಿತರೆ ಸಂಕಟ. ಮೇಲಣ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಉಕ್ಕಿ ಸಹಸ್ರಲಿಂಗೇಶ್ವರನ ಗುಡಿಯ ಮುಂದೆ ಒಂದಾದುವೆಂದರೆ ಅಲ್ಲಿಯವರು ಸಂಗಮವಾಯಿತೆಂದು ಪೂಜೆ ಸಲ್ಲಿಸಿ ತೀರ್ಥಸ್ನಾನ ಮಾಡುತ್ತಾರೆ. ಅದೇ ಪುಣ್ಯೋದಕವು ಕೆಲವು ತಾಸುಗಳ ತರುವಾಯ ನಮ್ಮ ಅಕ್ಕಿಮುಡಿಗಳನ್ನು ತೋಯಿಸುವುದೆಂಬ ವಿಚಾರ ಅವರಿಗೆ ಇದುವರೆಗೆ ಹೊಳೆದಂತಿಲ್ಲ.

1974ರ ಜುಲೈಯಲ್ಲಿ ಸಂಗಮವಾಯಿತೆಂಬ ವಾರ್ತೆ ಬಂದಿತು. ಸಂಸಾರದಲ್ಲಿ ಸಾರವಾವುದು, ಅಸಾರವಾವುದು ಎಂದು ಜಗಲಿಯಲ್ಲಿ ಕುಳಿತು ಹಲವು ವರ್ಷ ಊರವರಿಗೆ ಉಪದೇಶಿಸಿದ್ದ ನಾನು, ಕೆಂಪುನೀರು ಮೊದಲನೆಯ ಮೆಟ್ಟಿಲನ್ನು ಮುಟ್ಟಿದೊಡನೆ, ಭೂಮಿಯ ದಸ್ತಾವೇಜುಗಳನ್ನೂ ಎರಡು ಮುಡಿ ಕುಚ್ಚಲಕ್ಕಿಯನ್ನೂ ಇದ್ದಲ್ಲಿಯೇ ಬಿಟ್ಟು, ಅಡುಗೆಮನೆಗೆ ಧಾವಿಸಿ, ತೀರ್ಥರೂಪರು ಕಾರ್ಕಳದಿಂದ ಗಾಡಿಯಲ್ಲಿ ತರಿಸಿದ್ದ ಕಡೆಯುವ ಕಲ್ಲನ್ನು ಅಪ್ಪಿಕೊಂಡೆನು.

ಅದನ್ನು ಉಪ್ಪರಿಗೆಗೆ ಏರಿಸಲು ನೆರೆಮನೆಯ ರಾಯರು ನೆರವಾದರು. (ಕೊಡೆ ಹಿಡಿದು ನೆರೆ ನೋಡಲು ಬಂದಿದ್ದ ಏಳೆಂಟು ಮಂದಿ ಬೀದಿಯಿಂದಲೇ ಸಲಹೆಗಳನ್ನು ದಯಪಾಲಿಸಿದರು; ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.) ಮೇಲೆ ನಾನು, ಕೆಳಗೆ ರಾಯರು, ನಡುವೆ ಶಿಲೆ. ಐದನೆಯ ಮೆಟ್ಟಿಲಿನಲ್ಲಿ ಅದು ನಿಂತಿತು. ಎಳೆದರೆ ಏರದು, ಬಿಟ್ಟರೆ ರಾಯರು ಉಳಿಯರು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಮೇಲೆ ಸರಿಸಲು ಅವರಿಗೆ ಕೈಯಿಲ್ಲ, ನನಗೂ ಇಲ್ಲ. “ಮಾರಾಯರೇ, ಸ್ವಲ್ಪ ಎಳೆಯಿರಿ!” ಎಂದರು ಅವರು. “ಮಾರಾಯರೇ, ಸ್ವಲ್ಪ ದೂಡಿರಿ!” ಎಂದೆ ನಾನು. ಇಂತು ಪರಸ್ಪರ ಗೌರವಕ್ಕೆ ಚ್ಯುತಿಯಿಲ್ಲದಂತೆ ನಾವಿಬ್ಬರೂ ಏದುತ್ತಿರಲಾಗಿ, ಲಾಟೀನು ಹಿಡಿದು ನಿಂತಿದ್ದ ನನ್ನ ಎಂಟು ವರ್ಷದ ಮಗಳು ಕೇಳಿದಳು:

“ಅಪ್ಪಾ, ಕಲ್ಲು ನೀರಿನಲ್ಲಿ ತೇಲಿ ಹೋಗ್ತದಾ?”

ರಾಮಸೇತುವಿನ ದೃಷ್ಟಾಂತವನ್ನು ಕೊಡಬಹುದಾಗಿತ್ತು; ಉಸಿರಿರಲಿಲ್ಲ. ರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ ಆ ನೋಟವನ್ನು ಮರೆಯಲಾರೆ. ಆದರೂ ಅಲ್ಲಿಯವರೆಗೆ ಬಂದ ಮೇಲೆ ಹಿಂದೆಗೆಯುವುದು ಪುರುಷಲಕ್ಷಣವಲ್ಲವಾದುದರಿಂದ ಮತ್ತೆ ಹೆಗಲು ಕೊಟ್ಟೆವು.

ಆಗ ಅಮ್ಮ ಒಳಗಿನಿಂದ, “ಹಟ್ಟಿಯಲ್ಲಿ ದನದ ಹಗ್ಗ ಬಿಚ್ಚಿದಿರಾ?” ಎಂದು ಕೇಳಿದಳು.

ಯಾರೂ ಮಾತನಾಡಲಿಲ್ಲ. 1923ರ ಮಾರಿಬೊಳ್ಳವೆಂಬ ಮಹಾನೆರೆಯಲ್ಲಿ ಆಕೆ ಹತ್ತು ವರ್ಷದ ಹುಡುಗಿ; ಮನೆಮಂದಿಯೆಲ್ಲ ಕಂಚಿನ ಪಾತ್ರೆಗಳನ್ನು ಹೊತ್ತು ಗುಡ್ಡೆ ಹತ್ತಿದ್ದರಂತೆ. ನೀರಿಳಿದ ಮೇಲೆ ಹಟ್ಟಿಗೆ ಬಂದು ನೋಡಿದರೆ, ದನ ಎಳೆದೆಳೆದು ಗಂಟು ಎಷ್ಟು ಬಿಗಿದಿತ್ತೆಂದರೆ ಸತ್ತ ದನವನ್ನು ಬಿಡಿಸಲು ಹಗ್ಗವನ್ನು ಕತ್ತಿಯಿಂದ ಕಡಿಯಬೇಕಾಯಿತಂತೆ. ಇದನ್ನು ಆಕೆ ನಮಗೆ ಹೇಳಿದುದು ಅನಂತರ. ಅಂದು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೇ ಬಿಟ್ಟಳು. ನಾನು ಕೈ ಬಿಡುವಂತಿರಲಿಲ್ಲ, ಬಿಟ್ಟರೆ ರಾಯರಿದ್ದರು. ದನವೂ ಕರುವೂ ನಮಗಿಂತ ಮೊದಲೇ ಗುಡ್ಡೆ ಸೇರಿದುವು.

ಮೂರನೆಯ ದಿನ ಮರಳಿದಾಗ ದಸ್ತಾವೇಜುಗಳು ಒಂದಕ್ಕೊಂದು ಅಂಟಿ ಹಲಗೆಯಾಗಿದ್ದುವು, ಅಕ್ಕಿ ಉಬ್ಬಿ ನಾರುತ್ತಿತ್ತು. ಕಲ್ಲು ಮಾತ್ರ ಮೆಟ್ಟಿಲಿನ ತಿರುವಿನಲ್ಲಿ, ಒಂದು ಹನಿಯೂ ಸೋಂಕದೆ, ಪ್ರತಿಷ್ಠಾಪಿತ ದೇವರಂತೆ ಕುಳಿತಿತ್ತು. ಗುಂಡುಕಲ್ಲು ಕೆಳಗೆ ಕೆಸರಿನಲ್ಲಿ ಹೂತಿತ್ತು; ಅದನ್ನು ಒಯ್ಯಲು ನಾವು ಮರೆತಿದ್ದೆವು. ನನ್ನಾಕೆ ಎರಡನ್ನೂ ನೋಡಿ, “ಕಲ್ಲೇನೋ ಉಂಟು, ಕಡೆಯಲಿಕ್ಕೆ ಎಂತ ಉಂಟು?” ಎಂದಳು.

ಸಂಜೆ ಅಮ್ಮ ಲಾಟೀನು ಹಿಡಿಯಲು ನನ್ನನ್ನು ಹಟ್ಟಿಗೆ ಕರೆದಳು. ಹಗ್ಗಕ್ಕೆ ಜಾರುಗಂಟು ಹಾಕಿದಳು. ತುದಿ ಹಿಡಿದು ಒಮ್ಮೆ ಎಳೆದಳು, ಬಿಚ್ಚಿಕೊಂಡಿತು. ಮತ್ತೆ ಹಾಕಿದಳು, ಮತ್ತೆ ಎಳೆದಳು. ಅನಂತರ ಹಗ್ಗವನ್ನು ನನ್ನ ಕೈಗೆ ಕೊಟ್ಟು, “ಈಗ ನೀನು ಹಾಕು” ಎಂದಳು.