ತಗ್ಗಿ ಬಗ್ಗಿ ನಡೆವ ವ್ಯಾಗನ್ನಿನ ಲಕ್ಷಣಗ್ರಂಥ

ಕುದುರೆಗೆ ಶಾಲಿಹೋತ್ರ ಇದ್ದಾನೆ, ಆನೆಗೆ ಪಾಲಕಾಪ್ಯ ಇದ್ದಾನೆ, ಅಡುಗೆಗೆ ನಮ್ಮ ಮೂರನೆಯ ಮಂಗರಸ ಇದ್ದಾನೆ. ಸ್ಟೇಷನ್ ವ್ಯಾಗನ್ನಿಗೆ ಮಾತ್ರ ಕನ್ನಡದಲ್ಲಿ ದಿಕ್ಕಿಲ್ಲ. ಆ ಕೊರತೆಯನ್ನು ಪೆರ್ಡೂರಿನಲ್ಲಿ ಕುಳಿತು ನೀಗಿಸುವ ಯೋಗ್ಯತೆ ನನಗೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ: ನನ್ನ ಹತ್ತಿರ ಹಳೆಯ ಟಾಟಾ ಇಂಡಿಗೊ ಮರೀನಾ ಉಂಟು, ಮಣಿಪಾಲದಲ್ಲಿ ಕೆಲಸಕ್ಕಿರುವ ಒಬ್ಬ ಅಳಿಯನೂ ಉಂಟು. ಗಾಡಿ ಈ ಗ್ರಂಥದ ವಿಷಯ, ಅಳಿಯ ಪೂರ್ವಪಕ್ಷ.

ಪೂರ್ವಪಕ್ಷ ಹೀಗಿತ್ತು: “ಮಾವ, ಇದನ್ನು ಒಂದು ನಲ್ವತ್ತು ಎಂಎಂ ತಗ್ಗಿಸಿ ಹದಿನಾರರ ಅಲಾಯ್ ಹಾಕಿದ್ರೆ ಎಂಥ ಲುಕ್ ಬರ್ತದೆ ಗೊತ್ತುಂಟಾ?” ಅಳಿಯಸಂತಾನದ ಕಟ್ಟು ಸಡಿಲವಾದದ್ದು ಹೌದು. ಮಾವನ ಗಾಡಿಯ ಮೇಲಿನ ಹಕ್ಕನ್ನು ಅಳಿಯಂದಿರು ಬಿಟ್ಟುಕೊಟ್ಟದ್ದು ಎಲ್ಲೂ ದಾಖಲಾಗಿಲ್ಲ.

ನಾಮ ಪ್ರಕರಣ

ಅಮೆರಿಕದಲ್ಲಿ ರೈಲಿಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಮನೆ ಮುಟ್ಟಿಸುತ್ತಿದ್ದ ಗಾಡಿಗೆ ಸ್ಟೇಷನ್ ವ್ಯಾಗನ್ ಎಂದು ಹೆಸರಾಯಿತು. ಇಂಗ್ಲೆಂಡಿನವರು ಎಸ್ಟೇಟ್ ಎಂದರು, ಜರ್ಮನರು ಕೊಂಬಿ ಎಂದರು, ನಮ್ಮೂರಿನವರು ‘ಉದ್ದ ಡಿಕ್ಕಿಯ ಕಾರು’ ಎಂದರು. ನಾಲ್ಕರಲ್ಲಿ ಕೊನೆಯದೇ ನಿರ್ದುಷ್ಟ. ತೊಂಬತ್ತರ ದಶಕದಲ್ಲಿ ಕೊಂಕಣ ರೈಲು ಬಂದು ಇಂದ್ರಾಳಿಯಲ್ಲಿ ನಿಲ್ದಾಣ ಆಗುವ ತನಕ ಉಡುಪಿಯ ಕಡೆ ಸ್ಟೇಷನ್ ವ್ಯಾಗನ್ನಿಗೆ ಹೋಗಲು ಸ್ಟೇಷನ್ನೇ ಇರಲಿಲ್ಲವಲ್ಲ.

ಲಕ್ಷಣ: ಯಾವುದರ ಮಾಡು ಹಿಂದಿನ ಸೀಟಿನ ಮೇಲೆ ಮುಗಿಯದೆ ಹಿಂಬಾಗಿಲಿನವರೆಗೂ ಮುಂದುವರಿಯುತ್ತದೋ, ಮತ್ತು ಯಾವುದು ಇರುವ ಸಂಗತಿ ನೆಂಟರಿಗೆಲ್ಲ ಗೊತ್ತಿರುತ್ತದೋ ಅದು ವ್ಯಾಗನ್. ಎರಡನೆಯ ಮಾತನ್ನು ಬಿಟ್ಟರೆ ಲಕ್ಷಣ ಅಪೂರ್ಣ.

ಶುದ್ಧ ಜಾತಿಯವು ಈ ದೇಶದಲ್ಲಿ ಕಡಿಮೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ನಕ್ಷೆಯಲ್ಲಿ ಫೈಬರ್ ಮೈಯ ಡಾಲ್ಫಿನ್ ಮಾಡಿದರು. ಆಮೇಲೆ ಟಾಟಾ ಎಸ್ಟೇಟ್, ಬಲೆನೊ ಆಲ್ಟುರಾ, ಆಕ್ಟೇವಿಯಾ ಕೊಂಬಿ, ನಮ್ಮ ಮರೀನಾ. ಒಂದೂ ಹೆಚ್ಚು ಕಾಲ ಬಾಳಲಿಲ್ಲ. ಉಳಿದವು ವ್ಯಾಗನಾಭಾಸಗಳು: ಹೆಸರಿನಲ್ಲಿ ಮಾತ್ರ ವ್ಯಾಗನ್ ಇರುವ ಮಾರುತಿ ವ್ಯಾಗನ್ ಆರ್ ಇದಕ್ಕೆ ಮಾದರಿ. ಓಮ್ನಿಯನ್ನು ಎಲ್ಲಿ ಸೇರಿಸಬೇಕೆಂಬುದು ಕಷ್ಟದ ಪ್ರಶ್ನೆ. ಹೊರುವ ವಿಷಯದಲ್ಲಿ ಅದು ಎಲ್ಲರಿಗೂ ಅಪ್ಪ. ಆದರೆ ಮುಂದೆ ಬಾನೆಟ್ಟೇ ಇಲ್ಲದ್ದನ್ನು ಕುಲೀನರ ಪಂಕ್ತಿಗೆ ಕೂರಿಸಲು ಶಾಸ್ತ್ರ ಒಪ್ಪುವುದಿಲ್ಲ.

ಸ್ಪ್ರಿಂಗ್ ಪ್ರಕರಣ

ದಶರೂಪಕದವರು ನಾಯಕರನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಸ್ಪ್ರಿಂಗುಗಳೂ ಅಷ್ಟೇ.

ಕಂಪೆನಿಯಿಂದ ಬಂದದ್ದು ಧೀರಪ್ರಶಾಂತ. ನೋಡಲು ಚಂದವಿಲ್ಲ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ತೆಂಗಿನಕಾಯಿ ಹಿಡಿಸುವಷ್ಟು ಜಾಗ ಬಿಟ್ಟು ಪಂಚೆ ಎತ್ತಿ ಕಟ್ಟಿದವರ ಹಾಗೆ ನಿಂತಿರುತ್ತದೆ. ಅಳಿಯನ ಕಣ್ಣಿಗೆ ಚುಚ್ಚುವುದು ಆ ಜಾಗವೇ.

ತಗ್ಗಿಸುವುದಕ್ಕೆಂದೇ ಮಾಡಿದ ಸ್ಪ್ರಿಂಗ್ ಧೀರೋದಾತ್ತ. ಮೂವತ್ತೋ ನಲವತ್ತೋ ಮಿಲಿಮೀಟರ್ ಗಿಡ್ಡ, ಗಿಡ್ಡ ಆದಷ್ಟೂ ಗಡುಸು. ಗಡುಸುತನ ಎಲ್ಲಿಂದ ಬರುತ್ತದೆಂಬ ಸೂತ್ರ ಬಹಳ ಸೊಗಸಾಗಿದೆ. ಸುರುಳಿಯ ತಂತಿಯ ದಪ್ಪವನ್ನು ನಾಲ್ಕು ಬಾರಿ ಬರೆದು ಗುಣಿಸಬೇಕು, ಸುರುಳಿಯ ಅಗಲವನ್ನು ಮೂರು ಬಾರಿ ಬರೆದು ಗುಣಿಸಿ ಅದರಿಂದ ಭಾಗಿಸಬೇಕು, ಸುತ್ತುಗಳ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಬೇಕು. ಹೀಗಾಗಿ ತಂತಿ ನೂರಕ್ಕೆ ಹತ್ತು ದಪ್ಪವಾದರೆ ಸ್ಪ್ರಿಂಗ್ ನೂರಕ್ಕೆ ನಲವತ್ತಾರು ಗಡುಸಾಗುತ್ತದೆ. ಕೂದಲೆಳೆಯಷ್ಟು ಅಹಂಕಾರ ಹೆಚ್ಚಿದರೆ ಮನುಷ್ಯನೂ ಹೀಗೆಯೇ. ಆದರೆ ಈ ನಾಯಕ ಒಬ್ಬನೇ ರಂಗಕ್ಕೆ ಬರಬಾರದು. ಅವನ ಗಡುಸಿಗೆ ಹೊಂದುವ ಶಾಕ್ ಅಬ್ಸಾರ್ಬರ್ ಬೇಕು, ಗಿಡ್ಡ ಮಾಡಿದ ಬಂಪ್ ಸ್ಟಾಪ್ ಬೇಕು. ಹಳೆಯ ಶಾಕಿನ ಮೇಲೆ ಹೊಸ ಸ್ಪ್ರಿಂಗ್ ಕೂರಿಸಿದರೆ ಗಾಡಿ ಒಮ್ಮೆ ಕುಣಿದದ್ದು ಮೂರು ಬಾರಿ ಕುಣಿಯುತ್ತದೆ.

ಮೇಲಿನ ಸುತ್ತುಗಳು ಒತ್ತಾಗಿ, ಕೆಳಗಿನವು ವಿರಳವಾಗಿ ಇರುವುದು ಧೀರಲಲಿತ. ಮೊದಲು ಮೆತ್ತಗೆ ಬಗ್ಗುತ್ತದೆ, ಒತ್ತಾದ ಸುತ್ತುಗಳು ಒಂದಕ್ಕೊಂದು ತಾಗಿದ ಮೇಲೆ ಬಿಗಿಯಾಗುತ್ತದೆ. ಸಂಬಂಧ ನೋಡಲು ಬಂದ ಗಂಡಿನ ಕಡೆಯವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಧೀರೋದ್ಧತ. ಗ್ರೈಂಡರ್ ಹಿಡಿದು ಕಂಪೆನಿಯ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿ ತೆಗೆದದ್ದು ಇದು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಅಬ್ಬರ ಬಣ್ಣದ ವೇಷದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನನಗೆ ಒದಗಿದ್ದು ಇದೇ. ಎಂಟು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಏಳು ಸುತ್ತು ನೂರಕ್ಕೆ ಹದಿನಾಲ್ಕರಷ್ಟು ಗಡುಸಾಗುತ್ತದೆ, ಅದು ಸರಿ. ಆದರೆ ಗಾಲಿ ಮೇಲೆ ಕೆಳಗೆ ಆಡಲು ಇದ್ದ ಎಂಟು ಸೆಂಟಿಮೀಟರಿನಲ್ಲಿ ನಾಲ್ಕು ಹೋಯಿತು ಎನ್ನಿ. ಜಾಗ ಅರ್ಧಕ್ಕೆ ಇಳಿದಾಗ ಬಲ ಏಳನೇ ಒಂದು ಪಾಲು ಏರಿದರೆ ಏನು ಸಾಕಾಗುತ್ತದೆ? ಮೇಲಾಗಿ ತುದಿಯ ಸುತ್ತು ಚಪ್ಪಟೆಯಾಗಿ ತಟ್ಟೆಯ ಮೇಲೆ ಕೂರುವಂತೆ ಮಾಡಿದ್ದು. ಅದನ್ನೇ ಕಡಿದ ಮೇಲೆ ಉಳಿದ ತುದಿ ಎಲ್ಲಿ ಕೂರಬೇಕೆಂದು ತಿಳಿಯದೆ ತಿರುಗುತ್ತದೆ. ಜಾಕ್ ಹಾಕಿ ಎತ್ತಿದಾಗ ಸ್ಪ್ರಿಂಗ್ ಸಡಿಲಾಗಿ ಗಲಗಲ ಎಂದರೆ ಅದು ಉದ್ಧತ ಜಾತಿಯದೆಂದು ನಿರ್ಣಯಿಸಬಹುದು.

ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸಿದ ಸ್ಪ್ರಿಂಗನ್ನು ನಾಯಕರಲ್ಲಿ ಎಣಿಸುವುದಿಲ್ಲ. ಉಕ್ಕಿಗೆ ಕೊಟ್ಟ ಹದವನ್ನೇ ಅದು ಕಳೆದುಕೊಂಡಿರುತ್ತದೆ. ಹಾಸ್ಯಗಾರನ ಪಾತ್ರ, ಕೊನೆಯಲ್ಲಿ ಯಾರೂ ನಗುವುದಿಲ್ಲ.

ಹೊರೆ ಪ್ರಕರಣ

ಈ ಶಾಸ್ತ್ರದ ಹೃದಯ ಇಲ್ಲಿದೆ. ಅಳಿಯ ನೋಡಿದ ಚಿತ್ರಗಳಲ್ಲೆಲ್ಲ ವ್ಯಾಗನ್ ಖಾಲಿ. ಪೆರ್ಡೂರಿನಲ್ಲಿ ಖಾಲಿ ವ್ಯಾಗನ್ ಎಂಬುದು ಮೊಲದ ಕೋಡು.

ನಮ್ಮ ಅನಂತಪದ್ಮನಾಭ ಕದಳೀಪ್ರಿಯ. ಹರಕೆ ಎಂದರೆ ಬಾಳೆಹಣ್ಣು, ಸಾವಿರ ಹಣ್ಣು. ಸಿಂಹ ಸಂಕ್ರಮಣದ ದಿನ ಹೊಸ ಮದುಮಕ್ಕಳು ದೇವರ ದರ್ಶನಕ್ಕೆ ಬರುವುದು ವಾಡಿಕೆ. ಮದುಮಕ್ಕಳ ಜೊತೆ ಎರಡೂ ಕಡೆಯವರು ಬರುತ್ತಾರೆ. ಉದ್ದ ಡಿಕ್ಕಿ ಇರುವವನ ಮನೆಗೆ ಆ ವಾರ ಬರುವ ಫೋನುಗಳಿಗೆ ಲೆಕ್ಕವಿಲ್ಲ.

ಈಗ ಗಣಿತ. ಹಿಂದಿನ ಒಂದೊಂದು ಸ್ಪ್ರಿಂಗ್ ಎರಡು ಕಿಲೋ ಭಾರಕ್ಕೆ ಒಂದು ಮಿಲಿಮೀಟರ್ ಬಗ್ಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಸೇರಿ ನಾಲ್ಕು ಕಿಲೋಗೆ ಒಂದು. ಹಾಗಾದರೆ ನಲವತ್ತು ಮಿಲಿಮೀಟರ್ ತಗ್ಗಲು ಎಷ್ಟು ಬೇಕು? ನೂರ ಅರುವತ್ತು ಕಿಲೋ. ಹಿಂದಿನ ಸೀಟಿನಲ್ಲಿ ಇಬ್ಬರು ಅತ್ತೆಯರು, ಡಿಕ್ಕಿಯಲ್ಲಿ ಒಂದೆರಡು ಬಾಳೆಗೊನೆ, ಒಂದು ಚೀಲ ತೆಂಗಿನಕಾಯಿ. ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ತಗ್ಗನ್ನು ನಮ್ಮ ಅತ್ತೆಯರು ಪುಕ್ಕಟೆಯಾಗಿ ತಂದುಕೊಡುತ್ತಾರೆ, ಇಳಿದು ಹೋಗುವಾಗ ವಾಪಸು ಒಯ್ಯುತ್ತಾರೆ. ಮೊದಲೇ ತಗ್ಗಿಸಿದ ಗಾಡಿಗೆ ಇವರು ಹತ್ತಿದರೆ ತಗ್ಗು ಎರಡರಷ್ಟಾಯಿತು. ಮುಂಭಾಗ ಹಾಗೇ ಇದ್ದು ಹಿಂಭಾಗ ಕುಸಿದದ್ದರಿಂದ ಹೆಡ್‌ಲೈಟ್ ರಸ್ತೆ ಬಿಟ್ಟು ಅಡಿಕೆ ಮರದ ತಲೆಯಲ್ಲಿ ಗೊನೆ ಹುಡುಕುತ್ತದೆ.

ಇದರಿಂದ ಬರುವ ವಿಧಿ: ಸೆಡಾನ್‌ಗೆ ಮಾಡಿದ ಸ್ಪ್ರಿಂಗ್ ಸೆಟ್ಟು ಮರೆತೂ ವ್ಯಾಗನ್ನಿಗೆ ಬೇಡ. ಹಿಂಭಾಗದ ತೂಕ ಬೇರೆ, ಹೊರುವ ಧರ್ಮ ಬೇರೆ. ವ್ಯಾಗನ್ನಿಗೆಂದೇ ಮಾಡಿದ್ದು ಸಿಕ್ಕಿದರೆ ಹಾಕಿಕೊಳ್ಳಬಹುದು. ಮರೀನಾಕ್ಕೆ ನನಗಂತೂ ಸಿಕ್ಕಲಿಲ್ಲ.

ಹಂಪ್ ಪ್ರಕರಣ

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ನನ್ನ ಗಾಡಿಯ ಎರಡು ಗಾಲಿಗಳ ನಡುವಿನ ದೂರ 2.45 ಮೀಟರ್. ಅಂಥ ಕಮಾನಿನ ಮೇಲೆ ನಾಲ್ಕೂ ಗಾಲಿ ಇಟ್ಟು ನಿಂತರೆ ಹೊಟ್ಟೆಯ ಕಡೆಗೆ ಏಳುವ ಡಾಂಬರು ನಾಲ್ಕೂವರೆ ಸೆಂಟಿಮೀಟರೂ ಇಲ್ಲ. ಶಾಸ್ತ್ರೋಕ್ತ ಹಂಪ್ ತಗ್ಗಿಸಿದ ವ್ಯಾಗನ್ನಿಗೂ ಏನೂ ಮಾಡದು.

ಆದರೆ ಊರ ಉಮೇದಿನಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್ ಎರಡಡಿ ಅಗಲ, ಅರ್ಧ ಅಡಿ ಎತ್ತರ. ಅದು ಪೂರ್ತಿಯಾಗಿ ಗಾಲಿಗಳ ನಡುವೆ ಕೂರುತ್ತದೆ. ಅದರ ಎತ್ತರವೆಲ್ಲ ಹೊಟ್ಟೆಗೇ. ಖಾಲಿ ಇರುವಾಗ ನನ್ನ ಗಾಡಿಯ ಹೊಟ್ಟೆ ನೆಲದಿಂದ ಹದಿನಾರು ಸೆಂಟಿಮೀಟರ್ ಮೇಲೆ. ಅದರಲ್ಲಿ ನಾಲ್ಕು ಅಳಿಯನಿಗೆ, ಇನ್ನು ನಾಲ್ಕು ಅತ್ತೆಯರಿಗೆ ಕಳೆಯಿರಿ. ಉತ್ತರ ನನ್ನ ಸೈಲೆನ್ಸರಿಗೆ ಗೊತ್ತು.

ಗಾಲಿ ಪ್ರಕರಣ

ಟಯರಿನ ಮೇಲೆ 175/65 ಆರ್ 14 ಎಂದು ಬರೆದಿರುತ್ತದೆ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ರಬ್ಬರಿನ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. ಕೊನೆಯದು ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಮಾನ. ನಮ್ಮ ಹಿರಿಯರು ಸೇರು, ಕಳಸಿಗೆ, ಮುಡಿ ಎಂದು ಅಳೆದರೆ ಮಾತ್ರ ನಗು ಬರುತ್ತದೆ!

ಇದರ ಪ್ರಕಾರ ರಬ್ಬರಿನ ಗೋಡೆ 114 ಮಿಲಿಮೀಟರ್, ಇಡೀ ಗಾಲಿ 583. ಹದಿನೈದರ ಡಿಸ್ಕಿಗೆ 195/50 ಹಾಕಿದರೆ ಗೋಡೆ 97.5, ಗಾಲಿ 576. ಹದಿನಾರಕ್ಕೆ 205/45 ಹಾಕಿದರೆ ಗೋಡೆ 92, ಗಾಲಿ 591. ಹೊರಗಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಉಳಿಸುವುದು ಜಾಣತನ, ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಆದರೆ ಲೋಹ ಬೆಳೆದಷ್ಟು ರಬ್ಬರು ಸೊರಗುತ್ತದೆ ಎಂಬುದನ್ನು ಗಮನಿಸಿ. ಕಾಪುವಿನ ಬಳಿ ಚತುಷ್ಪಥದಲ್ಲಿ ಅದು ಗೊತ್ತಾಗುವುದಿಲ್ಲ. ಜುಲೈ ತಿಂಗಳಲ್ಲಿ ನೀರು ತುಂಬಿದ ಗುಂಡಿಗೆ ಇಳಿದಾಗ ಗೊತ್ತಾಗುತ್ತದೆ. ಉಕ್ಕಿನ ಡಿಸ್ಕ್ ಬಾಗಿದರೆ ಬಡಿದು ಸರಿ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಹೊಸತೇ ಗತಿ.

ಬೋಲ್ಟುಗಳ ವೃತ್ತದ ವಿಷಯದಲ್ಲಿ ತಮಾಷೆ ಬೇಡ. ಟಾಟಾ ಇಂಡಿಗೊದ್ದು ನಾಲ್ಕು ಬೋಲ್ಟ್, ನೂರು ಮಿಲಿಮೀಟರ್ ವೃತ್ತ. ಫಿಯೆಟ್ ಪ್ಯಾಲಿಯೊದ್ದು ತೊಂಬತ್ತೆಂಟು. ಎರಡೇ ಮಿಲಿಮೀಟರ್ ಎಂದು ಒತ್ತಿ ಕೂರಿಸುವವರಿದ್ದಾರೆ, ಕೂರುತ್ತದೆ ಕೂಡ. ಆದರೆ ಬೋಲ್ಟ್ ಓರೆಯಾಗಿ ಬಿಗಿದಿರುತ್ತದೆ, ಓಡುತ್ತಾ ಸಡಿಲಾಗುತ್ತದೆ. ಹರಿದ ಸಂಬಂಧ ಗೊತ್ತಾಗುವುದು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಯಾವುದೋ ಒಂದರಲ್ಲಿ. ಆಫ್‌ಸೆಟ್ಟೂ ಹಾಗೆಯೇ: ಗಾಲಿಯನ್ನು ಹೊರಗೆ ತಳ್ಳಿದಷ್ಟು ನೋಟಕ್ಕೆ ಚಂದ, ಬೇರಿಂಗಿಗೆ ಸಂಕಟ.

ದಂಡನೀತಿ ಎರಡೇ ಸಾಲು. ಆರ್‌ಸಿಯಲ್ಲಿ ಬರೆದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಇಂಥ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದಕ್ಕೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ.

ದೃಷ್ಟಾಂತ

ನಾನೊಂದು ಮದುವೆಗೆಂದು ಮುಂಬಯಿಗೆ ಹೋಗಿ ಬರುವಷ್ಟರಲ್ಲಿ ಸ್ಪ್ರಿಂಗಿನ ಸುತ್ತು ಹೋಗಿತ್ತು. ಅಳಿಯ ಅದನ್ನು ಎಲ್ಲಿ ಮಾಡಿಸಿದನೆಂದು ಬರೆಯುವುದಿಲ್ಲ, ಆ ಗ್ಯಾರೇಜಿನವರೂ ಬದುಕಬೇಕು. ಆ ಸಲದ ಸಿಂಹ ಸಂಕ್ರಮಣಕ್ಕೆ ಅಳಿಯನೇ ಹೊಸ ಮದುಮಗ. ಮದುಮಗಳು ಮುಂದೆ, ಅತ್ತೆಯರಿಬ್ಬರು ಮತ್ತು ನಾನು ಹಿಂದೆ, ಡಿಕ್ಕಿಯಲ್ಲಿ ಹರಕೆಯ ಹಣ್ಣು. ಹೊರಟ ಸ್ವಲ್ಪ ಹೊತ್ತಿಗೆ ಹಿಮ್ಮೇಳ ಶುರುವಾಯಿತು. ಶಾಕ್ ತಳ ಮುಟ್ಟಿದಾಗ ಮದ್ದಳೆಯ ಹಾಗೆ ಧೊಂ, ಸಡಿಲು ಸ್ಪ್ರಿಂಗ್ ತಾಳದ ಹಾಗೆ ಟಣ್. ಬಡಗಿನ ಪೆರ್ಡೂರು ಮೇಳವನ್ನು ಕೇಳಿ ಬೆಳೆದ ಕಿವಿ ಇದು, ಇನ್ನು ಚಂಡೆ ಬಾಕಿ ಎಂದುಕೊಂಡೆ. ಹಂಪ್ ಬಂತು. ಚಂಡೆ ಬಿತ್ತು. ಸೈಲೆನ್ಸರ್ ಪೈಪು ಎರಡಾಗಿ ರಸ್ತೆಯ ಮೇಲೆ ಮಲಗಿತು.

“ಎಂತ ಆಯ್ತು ಮಾರಾಯ?” ಎಂದರು ದೊಡ್ಡತ್ತೆ. “ಎಂತ ಇಲ್ಲ ಅತ್ತೆ, ಹಂಪ್ ಸರಿ ಇಲ್ಲ,” ಎಂದ ಅಳಿಯ. ಮದುಮಗಳು ಇಳಿದು ಗಾಡಿಯ ಅಡಿಗೆ ಬಗ್ಗಿ ನೋಡಿ, “ಹಂಪ್ ಮೊನ್ನೆಯೂ ಹೀಗೆಯೇ ಇತ್ತಲ್ಲ,” ಎಂದಳು. ಅಳಿಯನ ಮನೆಗೆ ಬಂದ ಬುದ್ಧಿವಂತಿಕೆ ಅದೊಂದೇ ಎಂದು ನನಗೆ ಅನ್ನಿಸಿದೆ. ಉಳಿದ ದಾರಿಗೆ ಹಿಂದಿನಿಂದ ಬಂದ ಓಮ್ನಿ ನಮ್ಮನ್ನೂ ಹಣ್ಣನ್ನೂ ಒಟ್ಟಿಗೆ ಹೊತ್ತುಕೊಂಡು ಹೋಯಿತು. ಅದನ್ನು ಕುಲೀನರ ಪಂಕ್ತಿಯಿಂದ ಹೊರಗಿಟ್ಟ ಪುಟ ಆಗಲೇ ಮುಗಿದಿತ್ತು, ತಿದ್ದಲಿಲ್ಲ.

ಈಗ ಮತ್ತೆ ಕಂಪೆನಿಯ ಸ್ಪ್ರಿಂಗ್ ಹಾಕಿಸಿದ್ದೇನೆ, ಹದಿನಾಲ್ಕರ ಹಳೆಯ ಡಿಸ್ಕೇ ಸಾಕಾಗಿದೆ. ತಗ್ಗಿದೆಯೋ ಇಲ್ಲವೋ ಎಂದು ಅಳೆಯುವವರು ನೆಲದಿಂದ ಅಳೆಯಬೇಡಿ, ಟಯರಿನ ಗಾಳಿ ಮೋಸ ಮಾಡುತ್ತದೆ. ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿಯಿರಿ. ನನ್ನದು ಮೊದಲು 37 ಸೆಂಟಿಮೀಟರ್ ಇತ್ತು, ನಡುವೆ 33 ಆಯಿತು, ಈಗ 37. ಕತ್ತರಿಸಿದ ತುದಿಯ ಸುತ್ತುಗಳನ್ನು ನನ್ನ ಹೆಂಡತಿ ಬಿಸಾಡಲು ಬಿಡಲಿಲ್ಲ. ಒಂದು ಬಚ್ಚಲಿನಲ್ಲಿದೆ, ಇನ್ನೊಂದು ಬಾವಿಕಟ್ಟೆಯ ಮೇಲೆ ಕೊಡಪಾನದ ಸಿಂಬೆಯಾಗಿದೆ.